ಹಿರಿಯರ ಹಿಂದೆ ಕಾಡಿಗೆ: ರಾಣಿಪುರಂನಲ್ಲಿ ಗಿಡಮರ ಅರಿಯುವ ನಡಿಗೆ

ಕಾಸರಗೋಡು ಜಿಲ್ಲೆಯ ರಾಣಿಪುರಂ ಬೆಟ್ಟದ ಮಳೆಕಾಡಿಗೆ ಗಿಡಮರಗಳ ಪರಿಚಯಕ್ಕೆಂದು ಹೊರಡುವವರು ಅರಣ್ಯ ಇಲಾಖೆಯ ಅನುಮತಿಯನ್ನೂ, ಅದಕ್ಕಿಂತ ಮುಖ್ಯವಾಗಿ, ಆ ಕಾಡಂಚಿನಲ್ಲೇ ಬೆಳೆದ ಹಿರಿಯರೊಬ್ಬರ ಒಪ್ಪಿಗೆಯನ್ನೂ ಮೊದಲೇ ಪಡೆದಿರಬೇಕು. ಕಾಸರಗೋಡಿನ ಪೂರ್ವದ ಗುಡ್ಡಗಳಲ್ಲಿ ಮಾವಿಲರು, ಮಲವೆಟ್ಟುವರು ಎಂಬ ಬುಡಕಟ್ಟಿನವರು ಇದ್ದಾರೆ. ಮಾವಿಲರ ಆಡುಮಾತು ತುಳುವಿಗೆ ಹತ್ತಿರವಾದುದರಿಂದ ತುಳು ಬಲ್ಲ ನಮ್ಮ ಕಡೆಯವರಿಗೆ ಮಾತು ಬೆಳೆಸುವುದು ಕಷ್ಟವಲ್ಲ. ಜತೆಗೆ ಬರುವ ಹಿರಿಯರ ಸಂಭಾವನೆಯನ್ನು ಮುಂಚಿತವಾಗಿಯೇ ಮಾತಾಡಿ, ನಡಿಗೆಯ ವೇಗವನ್ನು ಅವರಿಗೇ ಬಿಡಿ. ಎಂಟು ಹತ್ತು ಮಂದಿಗಿಂತ ಹೆಚ್ಚಿದ್ದರೆ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ. ಮಳೆಗಾಲವಾದರೆ ಉಂಬುಳದ (ಜಿಗಣೆಯ) ಕಾಟಕ್ಕೆ ಸುಣ್ಣ, ಹೊಗೆಸೊಪ್ಪು ಜತೆಗಿರಲಿ.

‘ಇದು ಯಾವುದಕ್ಕೆ ಮದ್ದು’ ಎಂದು ಕೇಳುವ ಮೊದಲು ‘ಇದನ್ನು ಹೇಗೆ ಗುರುತಿಸುತ್ತೀರಿ’ ಎಂದು ಕೇಳುವುದು ಒಳ್ಳೆಯದು. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ಕಷಾಯಕ್ಕೆ ಹಾಲೆ ಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಬೆಳಕು ಹರಿಯುವ ಮುನ್ನ ಕಲ್ಲಿನಿಂದ ಜಜ್ಜಿ ತೆಗೆಯುವ ಕ್ರಮ ನಮ್ಮಲ್ಲಿದೆ. ಆ ಕತ್ತಲಲ್ಲಿ ಕೈ ತಪ್ಪಿ ಕಾಸರಕವೆಂಬ ವಿಷಮರದ ಕೆತ್ತೆ ಬಂದರೆ ಕುಡಿದವರ ಪ್ರಾಣಕ್ಕೇ ಕುತ್ತು. ಆದ್ದರಿಂದ ಹಗಲಿನಲ್ಲಿಯೇ ಎರಡೂ ಮರಗಳ ಬಳಿ ಸಾವಧಾನವಾಗಿ ನಿಂತು ನೋಡಿ. ಹಾಲೆಯಲ್ಲಿ ಒಂದೇ ಗಂಟಿನ ಸುತ್ತ ನಾಲ್ಕರಿಂದ ಏಳು ಎಲೆಗಳು ಕೊಡೆಯ ಕಡ್ಡಿಗಳಂತೆ ಹರಡಿರುತ್ತವೆ, ಗಾಯವಾದಲ್ಲಿ ಬಿಳಿ ಹಾಲು ಜಿನುಗುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಜೋಡಿಯಾಗಿದ್ದು, ಬುಡದಿಂದಲೇ ಮೂರೋ ಐದೋ ನರಗಳು ತುದಿಯತ್ತ ಸಾಗುತ್ತವೆ, ಹಾಲಂತೂ ಇಲ್ಲವೇ ಇಲ್ಲ. ಪುಸ್ತಕ ಓದಿದವರು ಎಲೆಯನ್ನಷ್ಟೇ ನೋಡುತ್ತಾರೆ, ಕಾಡು ಬಲ್ಲವರು ಕೆತ್ತೆಯನ್ನು ಮೂಸಿಯೂ ನೋಡುತ್ತಾರೆ. ನೀವು ಮಾತ್ರ ಯಾವುದನ್ನೂ ಬಾಯಿಗಿಡಬೇಡಿ.

ಚೇರೆ ಮರವನ್ನು ದೂರದಿಂದಲೇ ತೋರಿಸಿಕೊಳ್ಳಿ. ಒಣಗಿ ಕಪ್ಪಾಗುವ ಅದರ ಸೊನೆ ಮೈಗೆ ತಾಗಿದರೆ ಬೊಕ್ಕೆಗಳೇಳುತ್ತವೆ. ಹಾಗಾದವರು ತಾರೆ ಮರಕ್ಕೆ ಸುತ್ತು ಬರುವ ನಂಬಿಕೆಯೂ ಇದೆ. ಅದನ್ನು ನಗೆಯಾಡದೆ ಬರೆದುಕೊಳ್ಳಿ, ಬೊಕ್ಕೆಗೆ ವೈದ್ಯರನ್ನೂ ಕಾಣಿ.

ಹೆಸರನ್ನು ಹಿರಿಯರು ಉಚ್ಚರಿಸಿದಂತೆಯೇ ಬರೆದು, ಶಾಸ್ತ್ರೀಯ ಹೆಸರನ್ನು ಮನೆಗೆ ಬಂದು ಸೇರಿಸಿದರಾಯಿತು. ಎಲೆ, ಬೇರು, ಬೀಜ ಯಾವುದನ್ನೂ ಕಿತ್ತು ತರಬಾರದು. 1987ರಲ್ಲಿ ದಕ್ಷಿಣ ಕೇರಳದ ಅಗಸ್ತ್ಯಮಲೆಯಲ್ಲಿ ಕಾಣಿ ಸಮುದಾಯದ ಮಾರ್ಗದರ್ಶಕರು ದಣಿವು ಕಳೆಯಲು ತಿನ್ನುತ್ತಿದ್ದ ಹಣ್ಣು ಸಂಶೋಧಕರ ಕಣ್ಣಿಗೆ ಬಿದ್ದು, ಮುಂದೆ ಆ ‘ಆರೋಗ್ಯಪಚ್ಚ’ ಗಿಡದಿಂದ ‘ಜೀವನಿ’ ಎಂಬ ಔಷಧ ತಯಾರಾದಾಗ, ಅದರ ಆದಾಯದಲ್ಲಿ ಕಾಣಿಗಳಿಗೂ ಪಾಲು ಸಲ್ಲುವ ಏರ್ಪಾಡು ಮಾಡಬೇಕಾಯಿತು. ಕಾಡಿನಲ್ಲಿ ಕೇಳಿದ ಮಾತಿಗೂ ಒಡೆಯರಿದ್ದಾರೆ. ಕಾಡಿನಿಂದ ಹಿಂದಿರುಗುವ ಮುನ್ನ ನಿಮ್ಮ ಪುಸ್ತಕದಲ್ಲಿ ಬರೆದುದನ್ನೆಲ್ಲ ಹಿರಿಯರಿಗೆ ಓದಿ ಹೇಳಿ. ಯಾವುದಾದರೂ ಸಾಲು ಬೇಡವೆಂದರೆ ಅವರೆದುರಿಗೇ ಹೊಡೆದುಹಾಕಿ.