ಸಿಎನ್‌ಸಿ ಮೆಷಿನ್‌ನ ಸ್ಟೆಪ್ಪರ್ ಮೋಟಾರ್‌ಗೆ 24 ವೋಲ್ಟ್ ಕೊಡಬಹುದಾ?

ಧಾರಾಳವಾಗಿ ಕೊಡಿ. (ಸಿಎನ್‌ಸಿ ಅಂದರೆ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಮೆಷಿನ್; ಸ್ಟೆಪ್ಪರ್ ಅಂದರೆ ಅದನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸುವ ಮೋಟಾರ್.) ಕೆಲವು ನೆಮಾ 17 ಅಳತೆಯ ಮೋಟಾರಿನ ಮೇಲೆ 2.8 ವೋಲ್ಟ್ ಅಂತ ಇರುತ್ತದೆ, ಅದಕ್ಕೆ ಹೆದರಬೇಡಿ. ಎ4988 ತರಹದ ಡ್ರೈವರ್ (ಮೋಟಾರ್ ಓಡಿಸುವ ಚಿಕ್ಕ ಬೋರ್ಡ್) ಕರೆಂಟನ್ನು ಮಿತಿಯಲ್ಲಿಡುತ್ತದೆ. ಆ ಮಿತಿಯನ್ನು ಮಾತ್ರ ಸರಿಯಾಗಿ ಸೆಟ್ ಮಾಡಿ. ವೋಲ್ಟ್ ಕಡಿಮೆಯಾದರೇ ತೊಂದರೆ: 12 ವೋಲ್ಟ್‌ನಲ್ಲಿ ನಿಧಾನಕ್ಕೆ ಚೆನ್ನಾಗೇ ಓಡುವ ಮೋಟಾರ್, ಸ್ಪೀಡ್ ಜಾಸ್ತಿಯಾದರೆ ಬಲ ಸಾಲದೆ ಸ್ಟೆಪ್ ತಪ್ಪುತ್ತದೆ. ಎಷ್ಟು ತಿರುಗಿತು ಅಂತ ಅಳೆಯುವ ಎನ್‌ಕೋಡರ್ ಇಲ್ಲವಲ್ಲ, ಮೆಷಿನ್‌ಗೆ ಅದು ಗೊತ್ತೇ ಆಗುವುದಿಲ್ಲ. ತಪ್ಪು ಜಾಗದಲ್ಲೇ ಕೊರೆಯುತ್ತಾ ಹೋಗಿ, ಬಿಟ್ (ಕೊರೆಯುವ ಮೊನೆ) ವಸ್ತುವನ್ನು ಹಿಡಿದಿಡುವ ಕ್ಲಾಂಪ್‌ಗೆ ಗುದ್ದುತ್ತದೆ.

ಮೆಷಿನ್ ನಡೆಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್ ಆದರೆ, ತುದಿ ಮುಟ್ಟಿದ್ದನ್ನು ತಿಳಿಸುವ ಲಿಮಿಟ್ ಸ್ವಿಚ್ ಹಾಕಿ. ಹೋಮಿಂಗ್‌ಗೆ (ಆರಂಭದ ಜಾಗ ಹುಡುಕಿಕೊಳ್ಳಲು) $22=1, ಸಾಫ್ಟ್ ಲಿಮಿಟ್‌ಗೆ (ಅಳತೆ ಮೀರಿ ಹೋಗದಂತೆ ಸಾಫ್ಟ್‌ವೇರ್ ತಡೆಯಲು) $20=1 ಅಂತ ಸೆಟ್ಟಿಂಗ್ ಕೊಡಿ. $130ರಿಂದ $132ರವರೆಗೆ ಮೆಷಿನ್ ಪ್ರತಿ ದಿಕ್ಕಿನಲ್ಲೂ ನಿಜವಾಗಿ ಸರಿಯಬಲ್ಲ ದೂರ ಇರಬೇಕು. ಕ್ಲಾಂಪ್ ಎಲ್ಲಿದೆ ಅಂತ ಈ ಲಿಮಿಟ್‌ಗಳಿಗೂ ತಿಳಿಯದು. ಹಾಗಾಗಿ ಮೊದಲು ಬಿಟ್ ಮೇಲೆತ್ತಿ, ಗಾಳಿಯಲ್ಲೇ ಒಂದು ಸಲ ಓಡಿಸಿ ನೋಡಿ.

ಹಾಂ, ಪವರ್ ಆನ್ ಇರುವಾಗ ಮೋಟಾರ್ ವೈರ್ ಕೀಳಲೇಬೇಡಿ. ಡ್ರೈವರ್ ಢಮಾರ್!