ಝೀನ್ ಮಾಡೋರು ಮೊದಲು ಒಂದು ಡಮ್ಮಿ ಮಡಿಸಿ
ಒಂದೇ ಎ4 ಹಾಳೆಯಲ್ಲಿ 8 ಪುಟದ ಝೀನ್ (ನಾವೇ ಮಾಡಿ ಹಂಚುವ ಪುಟ್ಟ ಪತ್ರಿಕೆ) ಮಾಡುತ್ತಿದ್ದೀರಾ? ಮೊದಲು ಡಮ್ಮಿಗೆ, ಅಂದರೆ ಮಾದರಿ ಪ್ರತಿಗೆ, ಖಾಲಿ ಹಾಳೆಯನ್ನು ಎಂಟು ಮನೆಯಾಗಿ ಮಡಿಸಿ. ಉದ್ದಕ್ಕಿರುವ ನಡುಗೆರೆಯಲ್ಲಿ ಮಧ್ಯದ ಎರಡು ಮನೆಯಷ್ಟು ಮಾತ್ರ ಕತ್ತರಿಸಿ. ಪುಸ್ತಕದಂತೆ ಮಡಿಸಿ, ಪೆನ್ಸಿಲ್‌ನಲ್ಲಿ ಪುಟಸಂಖ್ಯೆ ಬರೆದು ಬಿಡಿಸಿ ನೋಡಿ. ನಾಲ್ಕು ಪುಟ ತಲೆಕೆಳಗು! ಇದನ್ನು ಮರೆತು ನಾನು 40 ಜೆರಾಕ್ಸ್ ಸುಮ್ನೆ ಹಾಳು ಮಾಡಿದ್ದೆ.

ಒಂದು ಪುಟದ ಅಗಲ ಸುಮಾರು 74 ಮಿ.ಮೀ. ಅಷ್ಟೇ. ಅಂಚಿನಲ್ಲಿ 5 ಮಿ.ಮೀ. ಬಿಡಿ, ಜೆರಾಕ್ಸ್ ಯಂತ್ರ ತುದಿಯನ್ನು ತಿಂದುಹಾಕುತ್ತದೆ. ಕನ್ನಡಕ್ಕೆ ಸಾಲುಗಳ ನಡುವೆ ಜಾಸ್ತಿ ಜಾಗ ಬೇಕು. ಇಲ್ಲದಿದ್ದರೆ ‘ಸ್ತ್ರೀ’ಯ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಮುಖಪುಟವನ್ನು ಅಚ್ಚುಮೊಳೆಯಲ್ಲಿ (ಜೋಡಿಸಿ ಶಾಯಿ ಹಚ್ಚುವ ಬಿಡಿ ಅಕ್ಷರಗಳಲ್ಲಿ) ಒತ್ತುವವರು ಮಡಿಸುವ ಮೊದಲೇ ಒತ್ತಿ, ಶಾಯಿ ಒಣಗಲು ಒಂದು ರಾತ್ರಿ ಬಿಡಿ.