ಲಾಗಿನ್ ತಿಂದ ಎರಡು ವಾರ

ಗೆಳೆಯನ ಫೋಟೋ ಸ್ಟುಡಿಯೋಗೆ ಒಂದು ಚಿಕ್ಕ ಆ್ಯಪ್ ಬರೆದುಕೊಟ್ಟೆ. ವಿಂಡೋಸ್ ಕಂಪ್ಯೂಟರಿನ ಒಂದು ಫೋಲ್ಡರಿಗೆ ಬಿದ್ದ ಫೋಟೋಗಳನ್ನು ಅವನ ಗೂಗಲ್ ಡ್ರೈವ್‌ಗೆ ಏರಿಸಬೇಕು, ಅಷ್ಟೇ ಕೆಲಸ. ಏರಿಸುವ ಕೋಡ್ ಒಂದೇ ಸಂಜೆಗೆ ಮುಗಿಯಿತು. ಲಾಗಿನ್ ಎರಡು ವಾರ ತಿಂದಿತು.

ಮೊದಲು ಆ್ಯಪ್ ಒಳಗೇ ಬ್ರೌಸರ್ ಕಿಟಕಿ ಕೂರಿಸಿದೆ. ಗೂಗಲ್ ಅದನ್ನು ಒಪ್ಪುವುದಿಲ್ಲ. ಸರಿಯೇ, ಕಿಟಕಿ ನನ್ನದಾದರೆ ಅದರಲ್ಲಿ ಒತ್ತಿದ ಪಾಸ್‌ವರ್ಡ್ ನಾನೂ ಓದಬಹುದು ಅಲ್ವಾ? ಕೊನೆಗೆ ಇಂಥ ಆ್ಯಪ್‌ಗಳ ಲಾಗಿನ್ ಹೇಗಿರಬೇಕು ಅಂತ ಬರೆದಿರುವ 2017ರ ಇಂಟರ್ನೆಟ್ ದಾಖಲೆ, ಆರ್‌ಎಫ್‌ಸಿ 8252, ಹೇಳುವ ದಾರಿ ಹಿಡಿದೆ. ಆ್ಯಪ್ 127.0.0.1ರಲ್ಲಿ, ಅಂದರೆ ಅದೇ ಕಂಪ್ಯೂಟರಿನ ಒಳವಿಳಾಸದಲ್ಲಿ, ಖಾಲಿ ಇರುವ ಒಂದು ಪೋರ್ಟ್ (ಬಾಗಿಲು ಅನ್ನಿ) ತೆರೆದು ಕಾಯುತ್ತದೆ. ಬಳಕೆದಾರ ತನ್ನ ಮಾಮೂಲಿ ಬ್ರೌಸರಿನಲ್ಲೇ ಅನುಮತಿ ಕೊಡುತ್ತಾನೆ. ಬ್ರೌಸರ್ ಗೂಗಲ್ ಕೊಟ್ಟ ಒಂದು ಕೋಡ್ ಹಿಡಿದು ಆ ವಿಳಾಸಕ್ಕೆ ವಾಪಸ್ ಬರುತ್ತದೆ. ಆ ಕೋಡ್ ಕೊಟ್ಟರೆ ಆ್ಯಪ್‌ಗೆ ಟೋಕನ್, ಅಂದರೆ ಡ್ರೈವಿನ ಕೀಲಿ, ಸಿಗುತ್ತದೆ.

ಬರೀ ಕೋಡ್ ಅಂದರೆ ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಚೀಟಿ ಇದ್ದಂತೆ. ಯಾರು ತಂದರೂ ಚಪ್ಪಲಿ ಅವರದ್ದು. ಗೂಗಲ್ ಆ್ಯಪ್‌ಗೆ ಕೊಡುವ ಗುಪ್ತಪದ, ಕ್ಲೈಂಟ್ ಸೀಕ್ರೆಟ್, ಇದೆಯಲ್ಲ ಅಂದುಕೊಳ್ಳಬೇಡಿ, ಆ್ಯಪ್‌ನ ಎಕ್ಸಿ ಫೈಲ್ ಬಿಚ್ಚಿದರೆ ಅದು ಎಲ್ಲರಿಗೂ ಸಿಗುತ್ತದೆ. ಅದಕ್ಕೇ ಪಿಕೆಸಿಇ ಬೇಕು, ಕೋಡ್ ತಂದವರು ಅದನ್ನು ಕೇಳಿದವರೇ ಅಂತ ಖಾತ್ರಿ ಮಾಡುವ ವಿಧಾನ. ಆ್ಯಪ್ ಪ್ರತಿಸಲ 43ರಿಂದ 128 ಅಕ್ಷರಗಳ ಹೊಸ ಗುಟ್ಟು ಹುಟ್ಟಿಸುತ್ತದೆ. ಮೊದಲು ಅದರ ಹ್ಯಾಶ್ (ಮೂಲ ಗುಟ್ಟನ್ನು ಊಹಿಸಲಾಗದ ಗುರುತು) ಮಾತ್ರ ಕಳಿಸಿ, ಕೋಡ್ ಕೊಟ್ಟು ಟೋಕನ್ ಪಡೆಯುವಾಗ ಮೂಲ ಗುಟ್ಟನ್ನು ತೋರಿಸುತ್ತದೆ. ಎರಡೂ ತಾಳೆಯಾದರಷ್ಟೇ ಗೂಗಲ್ ಟೋಕನ್ ಕೊಡುತ್ತದೆ.

ಎಲ್ಲಾ ಸರಿಹೋಯಿತು ಅಂದುಕೊಂಡರೆ, ಅನುಮತಿ ಒತ್ತಿದ ಮೇಲೆ ಒಮ್ಮೊಮ್ಮೆ ಪುಟ ಸುಮ್ನೆ ಸುತ್ತುತ್ತಾ ನಿಲ್ಲುತ್ತಿತ್ತು. ಬ್ರೌಸರ್ ಮುಂಚಿತವಾಗಿ ಇನ್ನೊಂದು ಕನೆಕ್ಷನ್ ತೆರೆದು ಏನೂ ಕಳಿಸದೆ ಇಟ್ಟುಕೊಂಡಿತ್ತು. ಆ ಪೋರ್ಟಿನಲ್ಲಿ ಕಾಯುವ ನನ್ನ ಒಂಟಿ ಥ್ರೆಡ್ಡಿನ ಸರ್ವರ್, ಅಂದರೆ ಒಂದು ಸಲಕ್ಕೆ ಒಂದೇ ಕನೆಕ್ಷನ್ ನೋಡುವಂಥದ್ದು, ಅದರ ಮುಂದೆಯೇ ಕಾಯುತ್ತಾ ಕೂತಿತ್ತು. ಕನೆಕ್ಷನ್ನಿಗೊಂದು ಥ್ರೆಡ್ ಕೊಟ್ಟೆ, ಹೋಯಿತು.

ಎಂಟನೇ ದಿನ ಗೆಳೆಯನ ಫೋನು: "ಫೋಟೋ ಹೋಗ್ತಾನೇ ಇಲ್ಲ ಮಾರಾಯ." ಲಾಗ್‌ನಲ್ಲಿ ಇನ್‌ವ್ಯಾಲಿಡ್ ಗ್ರ್ಯಾಂಟ್, ಅಂದರೆ ಕೊಟ್ಟ ಅನುಮತಿ ಇನ್ನು ನಡೆಯುವುದಿಲ್ಲ. ಮತ್ತೆ ಲಾಗಿನ್ ಮಾಡಿಸಿದೆ. ಮುಂದಿನ ವಾರ ಮತ್ತದೇ ಫೋನು. ಗೂಗಲ್‌ನಲ್ಲಿ ಆ್ಯಪ್ ನೋಂದಾಯಿಸಿದ ಪ್ರಾಜೆಕ್ಟನ್ನು ನಾನು 'ಟೆಸ್ಟಿಂಗ್' ಸ್ಥಿತಿಯಲ್ಲೇ ಬಿಟ್ಟಿದ್ದೆ, ಅಲ್ಲಿ ರಿಫ್ರೆಶ್ ಟೋಕನ್ನಿನ (ಮತ್ತೆ ಲಾಗಿನ್ ಕೇಳದೆ ಕೆಲಸ ಮುಂದುವರಿಸುವ ಟೋಕನ್) ಆಯುಸ್ಸು 7 ದಿನ. ದಾಖಲೆಯಲ್ಲಿ ಬರೆದೇ ಇದೆ, ಓದಿರಲಿಲ್ಲ. 'ಪ್ರೊಡಕ್ಷನ್'ಗೆ ಬದಲಿಸಿದೆ. ಆ್ಯಪ್ ತಾನೇ ಹಾಕಿದ ಫೈಲುಗಳನ್ನಷ್ಟೇ ಮುಟ್ಟುವ ಅನುಮತಿ ಕೇಳಿದ್ದರಿಂದ ಜಾಸ್ತಿ ತಪಾಸಣೆ ಬೀಳಲಿಲ್ಲ.

ಟೋಕನ್ ಮೊದಲು ಆ್ಯಪ್ ಪಕ್ಕದ ಜೇಸನ್ ಫೈಲಿನಲ್ಲಿತ್ತು. ಒಂದು ದಿನ ಗೆಳೆಯ ಇಡೀ ಫೋಲ್ಡರನ್ನೇ ಜಿಪ್ ಮಾಡಿ, ಆಲ್ಬಮ್ ಮಾಡುವ ಹುಡುಗನಿಗೆ ವಾಟ್ಸಾಪ್ ಮಾಡಿಬಿಟ್ಟ. ಗೆಳೆಯನ ಡ್ರೈವಿನ ಕೀಲಿಯೂ ಜೊತೆಗೇ ಹೋಯಿತು. ಆ ಟೋಕನ್ ರದ್ದು ಮಾಡಿಸಿ, ಹೊಸದನ್ನು ವಿಂಡೋಸಿನ ಪಾಸ್‌ವರ್ಡ್ ತಿಜೋರಿಗೆ, ಕ್ರೆಡೆನ್ಷಿಯಲ್ ಮ್ಯಾನೇಜರಿಗೆ, ಹಾಕಿದೆ. ಈಗ ಬೇರೆ ಕಂಪ್ಯೂಟರಿಗೆ ಫೋಲ್ಡರ್ ಕಾಪಿ ಮಾಡಿದರೆ ಹೊಸದಾಗಿ ಅನುಮತಿ ಒತ್ತಬೇಕು. ಅದಕ್ಕೂ ಗೊಣಗುತ್ತಾನೆ.